ಮಗ್ಗದ ಮೇಲಿಂದ ತೆಗೆದ ಫೋಟೋ

ಆ ವರ್ಷ ಶಿರಹಟ್ಟಿಯ ನಮ್ಮ ಪದವಿ ಕಾಲೇಜಿಗೆ ‘ಇ-ಕಾಮರ್ಸ್ ಪರಿಚಯ’ ಎಂಬ ಹೊಸ ವಿಷಯ ಬಂತು. ಯಾರು ಕಲಿಸುತ್ತೀರಿ ಎಂದು ಪ್ರಾಚಾರ್ಯರು ಸಭೆಯಲ್ಲಿ ಕೇಳಿದಾಗ ಹಿರಿಯ ಉಪನ್ಯಾಸಕರೆಲ್ಲ ತಮ್ಮ ತಮ್ಮ ಟೇಬಲ್ಲಿನ ಕಡೆ ನೋಡಿದರು. ಅತಿಥಿ ಉಪನ್ಯಾಸಕಿಯಾದ ನನಗೆ ನೋಡಿಕೊಳ್ಳಲು ಟೇಬಲ್ ಇರಲಿಲ್ಲ. ಪ್ರಾಚಾರ್ಯರ ಮುಖ ನೋಡಿದೆ. ವಿಷಯ ನನಗೆ ಬಂತು.

ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರ್ ಇದ್ದವು, ನಾಲ್ಕು ಏಳುತ್ತಿದ್ದವು. ಏಳುವ ನಾಲ್ಕರಲ್ಲಿ ಇಂಟರ್ನೆಟ್ ಬರುತ್ತಿದ್ದದ್ದು ಕಿಟಕಿ ಪಕ್ಕದ್ದರಲ್ಲಿ ಮಾತ್ರ. ಹಾಗಾಗಿ ಮೊದಲ ಎರಡು ತಿಂಗಳು ನಾನು ಆನ್‌ಲೈನ್ ಅಂಗಡಿಯನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಇಲ್ಲಿ ಸರಕಿನ ಪಟ್ಟಿ, ಇಲ್ಲಿ ಬುಟ್ಟಿ, ಇಲ್ಲಿ ಹಣ ಕಟ್ಟುವ ಪುಟ, ಈ ಬಾಣ ಗೋದಾಮಿಗೆ, ಆ ಬಾಣ ಗಿರಾಕಿಯ ಮನೆಗೆ. ಮಕ್ಕಳು ಸುಮ್ಮನೆ ಬರೆದುಕೊಂಡರು. ಅವರೆಲ್ಲರ ಕಿಸೆಯಲ್ಲೂ ಫೋನಿತ್ತು, ಚಪ್ಪಲಿಯಿಂದ ಹಿಡಿದು ಬೆಳೆಗೆ ಹೊಡೆಯುವ ಔಷಧಿಯವರೆಗೆ ಅದರಲ್ಲೇ ತರಿಸುತ್ತಿದ್ದರು. ಬರುವ ಬಾಣ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೋಗುವ ಬಾಣ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಪಠ್ಯಕ್ರಮದ ಕೊನೆಗೆ ಒಂದು ಪ್ರಾಯೋಗಿಕ ಕೆಲಸವಿತ್ತು. ತರಗತಿಯವರೆಲ್ಲ ಸೇರಿ ಒಂದು ಆನ್‌ಲೈನ್ ಅಂಗಡಿ ತೆರೆಯಬೇಕು, ಒಂದಾದರೂ ವಸ್ತುವನ್ನು ಪಟ್ಟಿ ಮಾಡಿದಲ್ಲಿಂದ ಗಿರಾಕಿಯ ಕೈ ಸೇರುವವರೆಗೆ ನಡೆಸಬೇಕು, ವರದಿ ಬರೆಯಬೇಕು. ಏನು ಮಾರೋಣ ಎಂದು ಕೇಳಿದೆ. ಶೇಂಗಾ ಹಿಂಡಿ ಅಂದರು, ಕಡಕ್ ರೊಟ್ಟಿ ಅಂದರು. ತಿನ್ನುವ ಪದಾರ್ಥಕ್ಕೆ ಪರವಾನಗಿ ಬೇಕು, ಅದು ಬರುವುದರೊಳಗೆ ಸೆಮಿಸ್ಟರ್ ಮುಗಿಯುತ್ತದೆ. ಕೊನೆಗೆ ನಾನೇ ಹೇಳಿದೆ: ಸೀರೆ ಮಾರೋಣ, ಬೆಟಗೇರಿಯ ಕೈಮಗ್ಗದ ಸೀರೆ.

ಹೇಳಿದ್ದಕ್ಕೆ ಕಾರಣವಿತ್ತು. ನಾನು ಗದಗಿಗೆ ಹೊಂದಿಕೊಂಡ ಬೆಟಗೇರಿಯ ನೇಕಾರರ ಓಣಿಯವಳು. ಆ ಓಣಿಯಲ್ಲಿ ಎಂ.ಕಾಂ. ಮುಗಿಸಿದ ಮೊದಲನೆಯವಳು ನಾನೇ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ಮನೆಯ ಮಗ್ಗ ನಿಂತು ಬಹಳ ದಿನವಾಗಿತ್ತು. ಆದರೆ ಪಕ್ಕದ ಮನೆಯ ಚಿಗವ್ವನ ಮಗ್ಗ ನಡೆಯುತ್ತಿತ್ತು. ಚಿಗವ್ವ ಎಂದರೆ ಚಿಕ್ಕಮ್ಮ, ಆದರೆ ರಕ್ತಸಂಬಂಧವೇನಲ್ಲ, ಆಕೆಯ ಕಣ್ಣೆದುರೇ ಬೆಳೆದ ಸಲಿಗೆಯ ಕರೆ. ಆಕೆ ಮದುವೆಯಾಗಿ ಬಂದಾಗಿನಿಂದ ಸಾವಕಾರರ ಹಾಸನ್ನೇ, ಅವರು ಕೊಡುವ ಉದ್ದೆಳೆಯನ್ನೇ, ಮಗ್ಗಕ್ಕೇರಿಸಿ ನೇಯ್ದವಳು. ಅಂದರೆ ನೂಲು ಅವರದು, ಬಣ್ಣ ಅವರದು, ಅಂಚು ಹೇಗಿರಬೇಕೆಂಬ ಮಾತೂ ಅವರದು. ಕೈಕಾಲು ಮಾತ್ರ ಈಕೆಯದು. ಆ ಸಲ ಮಾತ್ರ, ಜೀವಮಾನದಲ್ಲಿ ಮೊದಲ ಸಲ, ತಾನೇ ನೂಲು ತಂದು, ತನಗೆ ಬೇಕಾದ ಬಣ್ಣ ಹಾಕಿಸಿ, ತನ್ನ ಸ್ವಂತದ ಹಾಸು ಏರಿಸಿದ್ದಳು. ಒಂದು ಹಾಸಿನಲ್ಲಿ ಆರು ಸೀರೆ. ಕಡುನೀಲಿ ಮೈ, ಕೆಂಪು ಅಂಚು, ಅಂಚಿನ ತುಂಬ ಹಳದಿ ಹೂವು.

ಸಾವಕಾರರು ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಚಲೋ ಇತ್ತು. “ಆಗಲಿವಾ, ನೇಯಿ. ಆದ್ರ ನನ್ನ ಹಾಸು ಎಷ್ಟು ದಿನ ಅಂತ ಕಾಯಿಸ್ಲಿ? ತಗೊಳ್ಳಾಕ ಬ್ಯಾರೆ ಮನಿ ಅದಾವ,” ಎಂದಿದ್ದರಂತೆ. ಓಣಿಯಲ್ಲಿ ನಡೆಯುವ ಮಗ್ಗಗಳೇ ಬೆರಳೆಣಿಕೆ, ಕೆಲಸ ಅದಕ್ಕಿಂತ ಕಡಿಮೆ. ಸಾವಕಾರರ ಹಾಸು ಒಮ್ಮೆ ಬೇರೆ ಮನೆಗೆ ಹೋದರೆ ತಿರುಗಿ ಬರುವುದು ಸುಳ್ಳು. ಈ ಆರು ಸೀರೆ ಹೋದರೆ ಆಕೆ ಎರಡನೆಯ ಹಾಸಿನ ನೂಲು ತರಬಹುದು. ಹೋಗದಿದ್ದರೆ ಮತ್ತೆ ಅವರ ನೂಲು, ಅವರ ಬಣ್ಣ.

“ಹದಿನೈದು ದಿನದಾಗ ಆರೂ ಹೋಗತಾವ ಚಿಗವ್ವ,” ಎಂದೆ. ಕಲಿತವಳೆಂಬ ಠೀವಿಯಿಂದ ಹೇಳಿದ ಮಾತು ಅದು.

“ಖರೇನ?”

“ಖರೆ.”

ಐದು ಸೀರೆ ಮಡಿಚಿ ಟ್ರಂಕಿನಲ್ಲಿದ್ದವು, ಆರನೆಯದು ಮಗ್ಗದ ಮೇಲಿತ್ತು. ಭಾನುವಾರ ಹೋಗಿ ಫೋಟೋ ತೆಗೆದೆ. ಆ ಮನೆಯಲ್ಲಿ ಚೆನ್ನಾಗಿ ಬೆಳಕು ಬೀಳುವುದು ಒಂದೇ ಕಡೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲು ನೇರವಾಗಿ ಮಗ್ಗದ ಮೇಲೆ, ನೇಯ್ದಿಟ್ಟ ಬಟ್ಟೆಯ ಮೇಲೆ ಬೀಳುತ್ತದೆ. ವಸ್ತು ಎಲ್ಲಿ, ಹೇಗೆ ತಯಾರಾಗುತ್ತದೆಂದು ತೋರಿಸಿದರೆ ಗಿರಾಕಿಗೆ ವಿಶ್ವಾಸ ಹೆಚ್ಚುತ್ತದೆಂದು ನಾನೇ ಪಾಠ ಮಾಡಿದ್ದೆ. ಮಗ್ಗದ ಮೇಲೆ ಬಾಗಿ ಅಂಚಿನದು ಮೂರು, ಮೈಯದು ಎರಡು ಫೋಟೋ ತೆಗೆದು ಚಿಗವ್ವನಿಗೆ ತೋರಿಸಿದೆ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವಳು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಹೌದ ನೋಡು. ಇದ ನನ್ನ ಸೀರಿ.”

ಅಂಗಡಿಯ ಖಾತೆ ಆಕೆಯ ಹೆಸರಿನಲ್ಲೇ ಆಗಬೇಕೆಂದು ನಾನು ಹಟ ಹಿಡಿದಿದ್ದೆ. ಕಾಲೇಜಿನ ಹೆಸರಿನಲ್ಲಿ ತೆರೆದರೆ ಪರೀಕ್ಷೆ ಮುಗಿದ ಮರುದಿನ ಅದಕ್ಕೆ ಬೀಗ. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಜಿಎಸ್‌ಟಿ ಬದಲು ಒಂದು ದಾಖಲಾತಿ ಸಂಖ್ಯೆ ಸಾಕಾಗುತ್ತದೆ. ಅದನ್ನು ಮಾಡಿಸಿದೆವು. ಬ್ಯಾಂಕಿನ ಪಾಸ್‌ಬುಕ್, ಆಧಾರ್, ಎಲ್ಲ ಜೋಡಿಸಿದೆವು. ತೊಡಕಾದದ್ದು ಓಟಿಪಿ. ಖಾತೆ ತೆರೆಯುವ ಕಂಪ್ಯೂಟರ್ ಶಿರಹಟ್ಟಿಯಲ್ಲಿ, ಅಂಕಿ ಬಂದು ಬೀಳುವ ಫೋನು ಬೆಟಗೇರಿಯಲ್ಲಿ. ತರಗತಿಗೆಲ್ಲ ಕೇಳಲೆಂದು ಸ್ಪೀಕರ್ ಹಾಕಿ ಫೋನ್ ಮಾಡಿದೆ. ಆ ಕಡೆಯಿಂದ ಮೊದಲು ಕೇಳಿದ್ದು ಮಗ್ಗದ ಸಪ್ಪಳ.

“ಚಿಗವ್ವ, ಮಗ್ಗ ನಿಲ್ಸು. ಮೊಬೈಲಿಗೆ ಆರು ಅಂಕಿ ಬಂದಾವ, ಓದಿ ಹೇಳು.”

“ಎಲ್ಲಿ ಬಂದಾವ? ನಿನ್ನ ಫೋನ ಬಂದೈತಿ.”

“ಮೆಸೇಜಿನಾಗ ನೋಡು. ಎಲ್ಲಾದಕ್ಕಿಂತ ಮ್ಯಾಲಿಂದು.”

“ಮ್ಯಾಲ ಗ್ಯಾಸಿನವರದು ಐತಿ.”

“ಅದರ ಮ್ಯಾಲೆ?”

“ಅದರ ಮ್ಯಾಲೆ ಗಾಜು ಒಡದೈತಿ.”

ತರಗತಿ ನಗಲಾರಂಭಿಸಿತು. ಅಂಕಿ ಕಾಣಿಸಿತು ಎನ್ನುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಎರಡನೆಯದನ್ನು ತರಿಸಿದೆ. ಈ ಸಲ ಆಕೆ ಓದುವುದನ್ನು ಬಿಟ್ಟು ಸುಮ್ಮನಾದಳು.

“ಹೇಳು ಚಿಗವ್ವ, ಜಲ್ದಿ.”

“ಅಲ್ಲವಾ, ಈ ನಂಬರ್ ಯಾರಿಗೂ ಹೇಳಬ್ಯಾಡ ಅಂತ ಬ್ಯಾಂಕಿನ್ಯಾಗ ಹತ್ತು ಸಲ ಹೇಳ್ಯಾರ. ನಿನಗ ಹೆಂಗ ಹೇಳ್ಲಿ? ಆ ಹಿಂದ ನಗಾಕ ಹತ್ತಾರಲ್ಲ, ಅವ್ರು ಯಾರು?”

ಸುರಕ್ಷತೆಯ ಅಧ್ಯಾಯವನ್ನು ನಾನು ಮೂರು ದಿನ ಕಲಿಸಿದ್ದೆ. ನನ್ನ ಮಕ್ಕಳಿಗಿಂತ ಅದನ್ನು ಆಕೆ ಚೆನ್ನಾಗಿ ಕಲಿತಿದ್ದಳು. ಐದನೆಯ ಸಲಕ್ಕೆ ಖಾತೆ ತೆರೆಯಿತು.

ಪಟ್ಟಿ ತುಂಬುವ ಕೆಲಸವನ್ನು ಹರ್ತಿಯಿಂದ ಬರುವ ಒಬ್ಬ ಹುಡುಗಿಗೆ ವಹಿಸಿದ್ದೆ. ಒಕ್ಕಲುತನದ ಮನೆಯವಳು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನನ್ನ ಫೋಟೋಗಳನ್ನು ಎದುರಿಗಿಟ್ಟುಕೊಂಡು ಆಕೆ ಒಂದೊಂದೇ ಕಾಲಂ ತುಂಬಿದಳು. ಬಟ್ಟೆಯ ಜಾತಿ, ಉದ್ದ, ತೂಕ, ಮೈಬಣ್ಣ, ಅಂಚಿನ ಬಣ್ಣ. ಆ ದಿನ ಸಂಜೆ ನಾನು ಗದಗಿಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದೆ. ಬೆಳಗಿನಿಂದ ಐದು ತಾಸು ಪಾಠ ಮಾಡಿ ಗಂಟಲು ಕಟ್ಟಿತ್ತು. ಒಂದು ಕೈ ಮೇಲಿನ ಸರಳಿಗೆ, ಇನ್ನೊಂದು ಕೈಯಲ್ಲಿ ಫೋನು. ಅವಳು ಕಳಿಸಿದ ಪುಟವನ್ನು ಮೇಲಿಂದ ಕೆಳಗೆ ಸರಿಸಿದೆ. ಚಿತ್ರ ಕಂಡಿತು, ಚಿಗವ್ವನ ಸೀರೆ ಅನ್ನಿಸಿತು, ಒಪ್ಪಿಗೆಯ ಗುಂಡಿ ಒತ್ತಿದೆ.

ಮೊದಲ ಆರ್ಡರ್ ಬರಲು ಹತ್ತು ದಿನ ಹಿಡಿಯಿತು. ಬಂದದ್ದು ಬಳ್ಳಾರಿಯಿಂದ. ತರಗತಿಯಲ್ಲಿ ಚಪ್ಪಾಳೆ. ಸೀರೆಗಳೆಲ್ಲ ಬೆಟಗೇರಿಯಲ್ಲೇ ಇದ್ದದ್ದರಿಂದ ಕಟ್ಟುವ ಕೆಲಸ ನನ್ನದೇ. ಕಾಲೇಜಿನಿಂದ ಬಂದು, ಝೆರಾಕ್ಸ್ ಅಂಗಡಿಯಲ್ಲಿ ವಿಳಾಸದ ಚೀಟಿ ಮುದ್ರಿಸಿ, ಚಿಗವ್ವನ ಕಟ್ಟೆಯ ಮೇಲೆ ಕೂತು ಸೀರೆಯನ್ನು ಕಾಗದದಲ್ಲಿ, ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕುರಿಯರ್ ಕಚೇರಿ ಮುಚ್ಚುವ ಮುಂಚೆ ಮುಟ್ಟಿಸಬೇಕು. ಪೊಟ್ಟಣ ಉಬ್ಬಿದ್ದರೆ ತೂಕದ ಬದಲು ಗಾತ್ರಕ್ಕೆ ದರ ಹಾಕುತ್ತಾರೆಂಬುದನ್ನು ಕುರಿಯರಿನವನ ಹತ್ತಿರ ಬೈಸಿಕೊಂಡು ಕಲಿತೆ. ಎರಡನೆಯದು ದಾವಣಗೆರೆಗೆ ಹೋಯಿತು, ಮೂರನೆಯದು ಮೈಸೂರಿಗೆ.

ಬಳ್ಳಾರಿಯದು ಎಂಟನೆಯ ದಿನಕ್ಕೆ ತಿರುಗಿ ಬಂತು. ಕಾರಣದ ಕಾಲಮಿನಲ್ಲಿ ‘ಚಿತ್ರದಲ್ಲಿರುವ ವಸ್ತು ಇದಲ್ಲ’ ಎಂದಿತ್ತು. ನಾನು ಎದೆಗುಂದಲಿಲ್ಲ. ವಾಪಸಾತಿ ಈ ವ್ಯಾಪಾರದ ಸಹಜ ಭಾಗ ಎಂದು ಮಕ್ಕಳಿಗೆ ಒಂದು ತಾಸು ಉಪನ್ಯಾಸ ಕೊಟ್ಟೆ. ದಾವಣಗೆರೆಯದೂ ಬಂತು, ಅದೇ ಕಾರಣ. ಪೊಟ್ಟಣ ಬಿಚ್ಚಿ ನೋಡಿದೆ, ಅದೇ ಸೀರೆ, ಎಳೆ ಕದಲಿರಲಿಲ್ಲ. ಫೋನಿನಲ್ಲಿ ಬಣ್ಣ ಬೇರೆ ಕಾಣುತ್ತಿರಬೇಕೆಂದು ಲ್ಯಾಬಿನಲ್ಲಿ ಕೂತು ಫೋಟೋದ ಬೆಳಕು ಕಡಿಮೆ ಮಾಡಿದೆವು, ನೀಲಿಯನ್ನು ತುಸು ಗಾಢ ಮಾಡಿದೆವು. ಆ ಹೊತ್ತಿಗೆ ಮೈಸೂರಿನದು ದಾರಿಯಲ್ಲಿತ್ತು. ತಿರುಗಿ ಬರುವ ದಾರಿಯಲ್ಲಿ.

ಮೂರನೆಯ ವಾಪಸಾತಿಯ ಜೊತೆಗೆ, ನಾವು ಖಾತೆ ತೆರೆದಿದ್ದ ಮಾರಾಟ ತಾಣದಿಂದ ನೋಟೀಸೂ ಬಂತು. ಗಿರಾಕಿಗಳನ್ನು ದಾರಿ ತಪ್ಪಿಸುತ್ತಿರುವ ಅಂಗಡಿ ಎಂದು ನಿಮ್ಮನ್ನು ಗುರುತಿಸಲಾಗಿದೆ, ಇನ್ನೊಂದು ಇಂಥದೇ ವಾಪಸಾತಿಯಾದರೆ ಖಾತೆ ಮುಚ್ಚಲಾಗುವುದು. ನೋಟೀಸು ಹೋದದ್ದು ಚಿಗವ್ವನ ಹೆಸರಿಗೆ. ಆಕೆ ಯಾರನ್ನೂ ದಾರಿ ತಪ್ಪಿಸಿದವಳಲ್ಲ. ಅದಕ್ಕೆ ಮೊದಲೇ ನಾಲ್ಕನೆಯ ಆರ್ಡರ್ ಒಂದು ಬಂದು ಕೂತಿತ್ತು, ಮುಂಡರಗಿಯಿಂದ. ಕಳಿಸಲು ಎರಡು ದಿನ ಉಳಿದಿತ್ತು.

ಹದಿನೈದು ದಿನವೆಂದು ನಾನು ಹೇಳಿ ಒಂದು ತಿಂಗಳ ಮೇಲಾಗಿತ್ತು. ಚಿಗವ್ವನ ಮಗ್ಗ ಬರಿದಾಗಿ ನಿಂತಿತ್ತು. ಸಂಜೆ ಅವಳ ಮನೆ ಮುಂದೆ ಹಾಯುವಾಗ ನಾನು ನಡಿಗೆ ಚುರುಕು ಮಾಡುತ್ತಿದ್ದೆ. ಒಮ್ಮೆ ಒಳಗಿನಿಂದಲೇ ಕೂಗಿದಳು: “ಹಂಗ ಓಡಬ್ಯಾಡವಾ, ನಾ ಏನ್ ಕೇಳಂಗಿಲ್ಲ.” ಕೇಳಿದ್ದರೆ ಹಗುರಾಗುತ್ತಿತ್ತು.

ಕಾಲೇಜಿನಲ್ಲಿ ಜೊತೆಯ ಉಪನ್ಯಾಸಕರೊಬ್ಬರು ಚಹಾ ಕುಡಿಯುತ್ತ ದಾರಿ ತೋರಿಸಿದರು. “ಮುಂಡರಗಿದು ರದ್ದು ಮಾಡಿ ಒಗೀರಿ. ನಿಮ್ಮ ತಂಗಿ ಹೆಸರಿಲೆ ಒಂದು ಆರ್ಡರ್ ಹಾಕ್ರಿ, ನೀವ ಕಳಸ್ರಿ, ಅಕಿ ಇಟ್ಕೊಳ್ಲಿ. ವ್ಯವಹಾರ ಪೂರ್ಣ ಆತು, ವರದಿ ಆತು. ಇಷ್ಟಕ್ಕ ಯಾಕ ಸೊರಗತೀರಿ?”

“ಮತ್ತ ಸೀರಿ, ಸರ್?”

“ಸೀರಿ ನಮ್ಮ ಸಿಲೆಬಸ್ಸಿನ್ಯಾಗ ಇಲ್ಲಲ್ರೀ.”

ನಿಜ ಹೇಳುತ್ತೇನೆ, ಒಂದು ರಾತ್ರಿಯಷ್ಟು ಹೊತ್ತು ಆ ಮಾತು ನನಗೆ ಸರಿಯೆನ್ನಿಸಿತ್ತು. ದಣಿದ ಮನಸ್ಸಿಗೆ ಅಡ್ಡದಾರಿ ಬೇಗ ಕಾಣುತ್ತದೆ.

ಮರುದಿನ ಮೈಸೂರಿನಿಂದ ಬಂದ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ತಿರುಗಿ ಬಂದ ವಸ್ತುವನ್ನು ಹೇಗೆ ತಪಾಸಣೆ ಮಾಡಬೇಕೆಂದು ತೋರಿಸುವುದು ಪಾಠದಲ್ಲಿತ್ತು. ಅಲ್ಲಿಯತನಕ ಆ ಸೀರೆಯನ್ನು ತರಗತಿಯ ಯಾರೂ ಕಣ್ಣಾರೆ ನೋಡಿರಲಿಲ್ಲ ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ಟೇಬಲ್ಲಿನ ಮೇಲೆ ಸೀರೆ ಬಿಚ್ಚಿ ಹಾಸಿದೆ. ಹರ್ತಿಯ ಹುಡುಗಿ ಎರಡನೆಯ ಬೆಂಚಿನಿಂದ ಎದ್ದು ಬಂದಳು.

“ಮೇಡಂ, ಇದು ಯಾವ ಸೀರಿರೀ?”

“ನೀ ಪಟ್ಟಿ ಮಾಡಿದ್ದ ಸೀರಿ. ಮೈಸೂರಿಂದ ವಾಪಸ್ ಬಂದದ್ದು.”

“ಅಲ್ರಿ.”

“ಏನ್ ಅಲ್ಲ?”

“ಇದು ಅದಲ್ರಿ ಮೇಡಂ. ಅದರ ಅಂಚು ಹಳದಿ ಐತಿ, ಹೂವು ಕೆಂಪು. ಇದು ಕೆಂಪು ಅಂಚು, ಹಳದಿ ಹೂವು. ನಾನ ತುಂಬೇನಲ್ರಿ, ಅಂಚಿನ ಬಣ್ಣ ಹಳದಿ ಅಂತ.” ಫೋನು ತೆಗೆದು ಪಕ್ಕದಲ್ಲಿ ಹಿಡಿದಳು. ಆಮೇಲೆ, ಹೆದರುತ್ತ ಎಂಬಂತೆ, ಸೀರೆಯ ತುದಿ ಹಿಡಿದು ಮಗುಚಿ ಹಾಕಿದಳು.

ಹಳದಿ ಅಂಚು, ಕೆಂಪು ಹೂವು. ಫೋಟೋದಲ್ಲಿದ್ದಂತೆಯೇ, ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ನಾನು ಕುರ್ಚಿಯಲ್ಲಿ ಕೂತೆ. ತಿಳಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಗ್ಗಗಳಲ್ಲಿ ಅಂಚಿನ ಹೂವು ಕೆಳಮುಖವಾಗಿ ಮೂಡುತ್ತದೆ. ಹೂವನ್ನು ಮೇಲ್ಮುಖ ಮಾಡಿದರೆ ಪ್ರತಿ ತುಳಿತಕ್ಕೂ ಹೆಚ್ಚು ಎಳೆ ಎತ್ತಬೇಕು, ಕಾಲು ಸೋಲುತ್ತದೆ. ಆದ್ದರಿಂದ ಸೀರೆಯ ಹಿಮ್ಮೈ ನೇಯುವವರ ಕಡೆಗಿರುತ್ತದೆ, ಮುಂಭಾಗ ನೆಲದ ಕಡೆಗೆ. ಹಿಮ್ಮೈಯಲ್ಲೂ ಹೂವು ಕಾಣುತ್ತದೆ, ಆದರೆ ಬಣ್ಣ ಅದಲುಬದಲಾಗಿ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ಹುಟ್ಟಿದಾಗಿನಿಂದ ಮಗ್ಗದ ಪಕ್ಕ ಕೂತು ನೋಡಿದ ಕಣ್ಣಿಗೆ ಹಿಮ್ಮೈಯೇ ಸೀರೆ. ಮನೆಯವರ ಗುರುತು ಅದು. ಉಟ್ಟವರನ್ನು ನಾವು ನೋಡಿದ್ದು ಕಡಿಮೆ, ನೇಯುವವರನ್ನು ನೋಡಿದ್ದೇ ಹೆಚ್ಚು. ಚಿಗವ್ವನೂ ಆ ಫೋಟೋ ನೋಡಿ ಹೌದೆಂದದ್ದು ಅದಕ್ಕೇ. ಮಗ್ಗವನ್ನೇ ಕಾಣದ ಹರ್ತಿಯ ಹುಡುಗಿ, ಕಂಡದ್ದನ್ನು ಕಂಡಂತೆ ಬರೆದಿದ್ದಳು. ಬಸ್ಸಿನಲ್ಲಿ ನಿಂತು ಅದನ್ನು ದಾಟಿಸಿದವಳು ನಾನು.

“ಮೇಡಂ, ನಂದು ತಪ್ಪಾತೇನ್ರಿ?” ಎಂದಳು ಹುಡುಗಿ.

“ನಿಂದು ಸರಿ ಐತಿ. ತಪ್ಪು ನಂದು. ಕುಂಡ್ರು,” ಎಂದೆ. ಮೂವತ್ತು ಮಕ್ಕಳ ಎದುರು ಹಾಗೆಂದದ್ದು ಅದೇ ಮೊದಲು. ಯಾರೂ ನಗಲಿಲ್ಲ.

ಅಂದು ಸಂಜೆ ನಡಿಗೆ ಚುರುಕು ಮಾಡದೆ ಚಿಗವ್ವನ ಮನೆಗೆ ಹೋದೆ. ಸೀರೆ ಹಾಸಿ, ಫೋನು ಇಟ್ಟು, ಮಗುಚಿ ತೋರಿಸಿದೆ. ಆಕೆ ಎರಡೂ ಮೈ ಮುಟ್ಟಿ ನೋಡಿದಳು. ಆಮೇಲೆ ನಕ್ಕಳು. ಆ ನಗುವಿಗಿಂತ ಎರಡು ಮಾತು ಬೈದಿದ್ದರೆ ಚಲೋ ಇತ್ತು.

“ನನ್ನ ಕೂಸಿನ ಬೆನ್ನು ತೋರಿಸಿ ಕನ್ಯಾ ನೋಡ್ರಿ ಅಂದಂಗಾತಲ್ಲೇ!”

“ನೀನೂ ಹೌದು ಅಂದಿದ್ದಿಯಲ್ಲ ಚಿಗವ್ವ.”

“ನಾ ಅಂತೀನಿ ಬಿಡು. ನಾ ದಿನಾ ಅದನ್ನ ನೋಡೂದು. ನೀ ಕಲ್ತಾಕಿ.”

ಸೀರೆ ಎತ್ತಿಕೊಂಡು ಅಂಗಳಕ್ಕೆ ನಡೆದೆ.

ಹೊಸ ಫೋಟೋಗಳನ್ನು ಅಂಗಳದಲ್ಲಿ, ಹಗ್ಗದ ಮೇಲೆ ಸೀರೆ ಹರವಿ, ಮುಂಭಾಗದಿಂದ ತೆಗೆದು ಆ ರಾತ್ರಿಯೇ ಏರಿಸಿದೆ. ಉಳಿದದ್ದು ಮುಂಡರಗಿಯ ಆರ್ಡರ್. ಅವರು ಹಣ ಕೊಟ್ಟಿದ್ದು ಹಳದಿ ಅಂಚು ನೋಡಿ. ರದ್ದು ಮಾಡಿದರೆ ಅಂಗಡಿಯ ಹೆಸರು ಇನ್ನಷ್ಟು ಕೆಳಗಿಳಿಯುತ್ತದೆ, ಆದರೆ ಖಾತೆ ಉಳಿಯುತ್ತದೆ. ಕಳಿಸಿದರೆ, ತಿರುಗಿ ಬಂದರೆ, ಖಾತೆ ಮುಚ್ಚುತ್ತದೆ, ಸೀರೆಗಳಿಗೆ ಬೇರೆ ಬಾಗಿಲಿಲ್ಲ. ಸುರಕ್ಷಿತವಾದದ್ದು ಯಾವುದೆಂದು ಪರೀಕ್ಷೆಯಲ್ಲಿ ಕೇಳಿದ್ದರೆ ಮಕ್ಕಳೆಲ್ಲ ರದ್ದು ಎಂದೇ ಬರೆಯುತ್ತಿದ್ದರು. ನಾನೂ ಪೂರ್ತಿ ಅಂಕ ಕೊಡುತ್ತಿದ್ದೆ.

ಆದರೆ ಮೂರು ಸೀರೆ ತಿರುಗಿ ಬಂದದ್ದು ಸೀರೆ ಕೆಟ್ಟದ್ದೆಂದಲ್ಲ, ನಾವು ಹೇಳಿದ್ದು ಸುಳ್ಳಾದದ್ದರಿಂದ. ನಿಜ ಹೇಳಿ ಕಳಿಸಿದರೆ ಏನಾಗುತ್ತದೆಂದು ಇನ್ನೂ ಗೊತ್ತಿರಲಿಲ್ಲ. ಕಳಿಸುವುದೆಂದು ನಿರ್ಧರಿಸಿದೆ. ಖಾತೆ ಚಿಗವ್ವನದು, ಅವಳನ್ನು ಕೇಳಿದೆ.

“ತಿರುಗಿ ಬಂದ್ರ ಅಂಗಡಿ ಮುಚ್ಚತೈತಿ ಚಿಗವ್ವ.”

“ಈಗೇನ್ ತೆರದೈತೇನು? ಕಳಸು.”

ಪೊಟ್ಟಣದೊಳಗೆ ಒಂದು ಚೀಟಿ ಬರೆದಿಟ್ಟೆ. ‘ಫೋಟೋದಲ್ಲಿ ನೀವು ನೋಡಿದ್ದು ಸೀರೆಯ ಹಿಮ್ಮೈ. ಮಗ್ಗದ ಮೇಲಿಂದ ತೆಗೆದದ್ದರಿಂದ ಹಾಗಾಯಿತು. ತಪ್ಪು ನಮ್ಮದು. ಇಷ್ಟವಾಗದಿದ್ದರೆ ಹಿಂದಿರುಗಿಸಿ, ಬೇಸರವಿಲ್ಲ.’ ಓದಿ ಹೇಳಿದಾಗ ಚಿಗವ್ವ, “ಬೇಸರ ಇಲ್ಲ ಅಂತ ಯಾಕ ಬರದಿ? ಬೇಸರ ಆಕ್ಕೈತಿ,” ಎಂದಳು. ಆ ಮಾತು ಹೊಡೆದು ಹಾಕಿದೆ. ಬೆಟಗೇರಿಯಿಂದ ಮುಂಡರಗಿಗೆ ಬಸ್ಸು ಹತ್ತಿದರೆ ಒಂದು ತಾಸು ಚಿಲ್ಲರೆ. ಪೊಟ್ಟಣ ಮೊದಲು ಹುಬ್ಬಳ್ಳಿಗೆ ಹೋಯಿತು, ಅಲ್ಲಿ ಎರಡು ದಿನ ಮಲಗಿತು, ಮತ್ತೆ ಗದಗ ದಾಟಿಕೊಂಡೇ ಮುಂಡರಗಿಗೆ ಬಂತು. ಶನಿವಾರ ಮುಟ್ಟಿತೆಂದು ಸಂದೇಶ ಬಂತು. ಹಿಂದಿರುಗಿಸಲು ಗಿರಾಕಿಗೆ ಏಳು ದಿನ ಅವಕಾಶ.

ಆ ಏಳು ದಿನದ ನಡುವೆಯೇ ವರದಿ ಕೊಡುವ ದಿನ ಬಂತು. ಮೂರು ವಾಪಸ್, ಒಂದು ಗಿರಾಕಿಯ ಕೈಯಲ್ಲಿ, ಫಲಿತಾಂಶ ತಿಳಿದಿಲ್ಲ ಎಂದು ಮಕ್ಕಳು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ತಪ್ಪಿನ ಕಾರಣವನ್ನು ಹರ್ತಿಯ ಹುಡುಗಿ ಎರಡು ಪುಟ ಬರೆದಿದ್ದಳು, ಎರಡೂ ಮೈಯ ಚಿತ್ರ ಅಂಟಿಸಿ. ಪ್ರಾಚಾರ್ಯರು ಕನ್ನಡಕ ಏರಿಸಿ ನೋಡಿದರು.

“ಇದನ್ನ ಹೆಂಗ ಕಳಸೂದ್ರಿ ಮೇಡಂ? ಎಲ್ಲಾ ಕಾಲೇಜಿನವರು ‘ಯಶಸ್ವಿ’ ಅಂತ ಬರದಿರತಾರ.”

“ಅವರು ಮಾರಿರಬೇಕು ಸರ್. ನಾವು ಇಷ್ಟೇ ಮಾಡೇವಿ.”

ಅವರು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಮುಂದಿನ ವರ್ಷ ನನ್ನನ್ನು ಕರೆಯುತ್ತಾರೋ ಇಲ್ಲವೋ ಎಂದು ಕೇಳುವ ಶಕ್ತಿ ಅಂದು ನನ್ನಲ್ಲಿರಲಿಲ್ಲ.

ಶುಕ್ರವಾರ ಸಂಜೆ ಸಾವಕಾರರು ತಮ್ಮ ಹಾಸನ್ನು ಮೋಟರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಚಿಗವ್ವನ ಮನೆಗೇ ಬಂದರು. ನಾನೂ ಅಲ್ಲಿದ್ದೆ. ಅವರು ಒಳ್ಳೆಯವರೇ, ದನಿ ಏರಿಸುವವರಲ್ಲ. ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದರು.

“ಇವತ್ತ ಹೇಳಿಬಿಡವಾ. ಇಟ್ಟು ಹೋಗ್ಲೋ, ಒಯ್ಯಲೋ?”

“ಒಂದು ದಿನ ತಡೀರಿ ಸಾವಕಾರ್ರ. ನಾಳೆ ರಾತ್ರಿಗೆ ಗೊತ್ತಾಕ್ಕೈತಿ.”

“ನಾಳೆ ಅಂದ್ರ ಆಗಂಗಿಲ್ಲ. ಆ ಕಡೆ ಓಣ್ಯಾಗ ಒಬ್ಬಾಕಿ ಮಗ್ಗ ಖಾಲಿ ಇಟ್ಕೊಂಡು ಕುಂತಾಳ. ಅಕಿಗೂ ಹೊಟ್ಟಿ ಐತಿ.”

ಚಿಗವ್ವ ನನ್ನ ಕಡೆ ತಿರುಗಿದಳು. “ನೀ ಏನ್ ಹೇಳ್ತಿ? ಆ ಮುಂಡರಗಿಯಾಕಿ ಇಟ್ಕೊಳ್ತಾಳೇನು?”

ಹೌದೆನ್ನಲು ಬಾಯಿಯವರೆಗೆ ಬಂದಿತ್ತು. ಆರು ದಿನ ಸುಮ್ಮನಿದ್ದವರು ಏಳನೆಯ ದಿನವೂ ಸುಮ್ಮನಿರಬಹುದು. ಇಟ್ಟುಕೊಂಡರೂ ಒಂದೇ ಸೀರೆಯಿಂದ ಹಾಸಿನ ನೂಲು ಬರುವುದಿಲ್ಲ. ಹೌದೆಂದರೆ ಆಕೆ ನನ್ನ ಮಾತು ಕೇಳಿ ಸಾವಕಾರರನ್ನು ಕಳಿಸಿಬಿಡುತ್ತಾಳೆ ಎಂಬುದೂ ಗೊತ್ತಿತ್ತು.

“ಗೊತ್ತಿಲ್ಲ ಚಿಗವ್ವ,” ಎಂದೆ.

ಆಕೆ ನನ್ನನ್ನು ಒಂದು ಗಳಿಗೆ ನೋಡಿದಳು. “ಇಟ್ಟು ಹೋಗ್ರಿ,” ಎಂದು ಸಾವಕಾರರಿಗೆ ಹೇಳಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಶನಿವಾರ ಕಳೆಯಿತು. ಭಾನುವಾರ ಬೆಳಿಗ್ಗೆ ಖಾತೆ ತೆರೆದು ನೋಡಿದರೆ ಮುಂಡರಗಿಯ ಸಾಲಿನಲ್ಲಿ ‘ವಾಪಸಾತಿಯ ಅವಧಿ ಮುಗಿದಿದೆ’ ಎಂದಿತ್ತು. ಕೆಳಗೆ ಗಿರಾಕಿ ನಾಲ್ಕು ಸಾಲು ಬರೆದಿದ್ದರು.

ಚಿಗವ್ವನ ಮನೆಗೆ ಹೋದಾಗ ಮಗ್ಗ ನಡೆಯುತ್ತಿತ್ತು. ಸಾವಕಾರರ ಹಾಸು, ತಿಳಿಹಸಿರು ಮೈ, ಸಾದಾ ಪಟ್ಟೆಯ ಅಂಚು. “ಇಟ್ಕೊಂಡಾರ ಚಿಗವ್ವ!” ಎಂದು ಕೂಗಿದೆ. ಆಕೆ ಕಾಲು ನಿಲ್ಲಿಸಲಿಲ್ಲ. “ಏನಂತ ಬರದಾರ ಓದು,” ಎಂದಳು. ಸಪ್ಪಳದ ಮೇಲೆ ದನಿಯೆತ್ತಿ ಓದಿದೆ.

“ಹಳದಿ ಅಂಚು ಅಂತ ತರಿಸಿದ್ದೆ, ಸಿಟ್ಟು ಬಂದಿತ್ತು. ಚೀಟಿ ಓದಿ ಎರಡೂ ಕಡೆ ಉಟ್ಟು ನೋಡಿದೆ. ಕೆಂಪು ಅಂಚೇ ಚಲೋ ಐತಿ. ನೇಯ್ಗಿ ಭಾಳ ಬಿಗಿ, ನೇಯ್ದವರದು ಪಳಗಿದ ಕೈ.”

ಮಗ್ಗ ನಿಂತಿತು. “ಕಡೀದು ಇನ್ನೊಮ್ಮೆ ಓದು.”

ಓದಿದೆ. ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಆಮೇಲೆ ಎದುರಿಗಿದ್ದ ಹಸಿರು ಹಾಸನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಲ್ಲೇ ಅಳೆದಳು.

“ಇದು ಇಳಿಯಾಕ ಇಪ್ಪತ್ತು ದಿನ ಬೇಕು. ಅಷ್ಟರಾಗ ಉಳದ ಐದು ಸೀರಿ ಹೊಂಟ್ರ, ಇದರ ಹಿಂದ ನನ್ನ ಹಾಸು ಏರಸ್ತೀನಿ. ಇಲ್ಲಂದ್ರ ಮತ್ತ ಇಂಥದ್ದ.”

“ಪ್ರಯತ್ನ ಮಾಡ್ತೀನಿ,” ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ವಾರವಿಡೀ ನಿಂತ ಕಾಲು ನೋಯುತ್ತಿದ್ದವು, ಅಲ್ಲೇ ಗೋಡೆಗೊರಗಿ ಕೂತೆ.

“ಸುಮ್ಮ ಯಾಕ ಕುಂತಿ? ಆ ರಾಟಿ ಎಳಕೋ, ಕಂಡಿಕಿ ಸುತ್ತು. ನೀ ಸುತ್ತಿಕೊಟ್ಟಷ್ಟು ಇದು ಜಲ್ದಿ ಇಳೀತೈತಿ.”

ರಾಟೆ ಎಳೆದುಕೊಂಡೆ. ಪಿಯುಸಿಯ ನಂತರ ಮುಟ್ಟಿರಲಿಲ್ಲ. ಮೊದಲಿನ ನಾಲ್ಕೈದು ಕಂಡಿಕೆ, ಲಾಳಿಯೊಳಗಿಡುವ ನೂಲಿನ ಸುರುಳಿಗಳು, ಸಡಿಲಾದವು. ಆಕೆ ಅವನ್ನು ನೋಡಿ ತಿರುಗಿ ನನ್ನ ಮುಂದೆ ಎಸೆದಳು. ಬಿಚ್ಚಿ ಮತ್ತೆ ಸುತ್ತಿದೆ. ಸಾವಕಾರರ ಹಸಿರು ನೂಲನ್ನು ಮಧ್ಯಾಹ್ನದವರೆಗೆ ಸುತ್ತುತ್ತ ಕೂತಿದ್ದೆ.